ಪ್ರಶ್ನೋತ್ತರ: ‘ನಿಮಗೆ ಇದು ಬೇಡ’ ಅಂದ ಡಾಕ್ಟರು

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಸೆಲ್ಫಿಯಲ್ಲಿ ಮೂಗು ಅಗಲ ಕಾಣುತ್ತದೆ, ಕಣ್ಣ ಕೆಳಗೆ ಗುಂಡಿ ಬಿದ್ದಂತಿದೆ. ಎರಡಕ್ಕೂ ಫಿಲ್ಲರ್ (ಚರ್ಮದ ಕೆಳಗೆ ಸೂಜಿಯಿಂದ ತುಂಬುವ ಜೆಲ್) ಹಾಕಿಸಿಕೊಳ್ಳಲು ಹೋದರೆ ‘ನಿಮಗೆ ಇದು ಬೇಡ’ ಅಂತ ವಾಪಸ್ ಕಳಿಸಿದರು. ದುಡ್ಡು ಕೊಡುವವಳು ನಾನು, ಬೇಡ ಅನ್ನೋಕೆ ಅವರು ಯಾರು? ನೀವು ತುಂಬಾ ವರ್ಷದಿಂದ ಇದೇ ಕೆಲಸದಲ್ಲಿದ್ದೀರಿ. ಮೊದಲೂ ಹೀಗೇ ಇತ್ತಾ?

ಉತ್ತರ: ಬೇಜಾರಾಗಿರುತ್ತದೆ, ಗೊತ್ತು. ಆದರೆ ಆ ಡಾಕ್ಟರು ಹೇಳಿದ್ದು ಸರಿ ಅನ್ನಿಸುತ್ತದೆ. ಹೂಂ ಅಂದಿದ್ದರೆ ಅವರಿಗೆ ಲಾಭವೇ ಇತ್ತು, ಅಲ್ವಾ?

ಮೊದಲು ಮೂಗು. ಫೋನ್ ಹತ್ತಿರ ಹಿಡಿದರೆ ಕ್ಯಾಮೆರಾದ ಮುಂದೆಯೇ ಇರುವ ಮೂಗು ದೊಡ್ಡದಾಗಿ ಬೀಳುತ್ತದೆ. 2018ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: 12 ಇಂಚಿನಿಂದ ತೆಗೆದ ಫೋಟೋದಲ್ಲಿ ಮೂಗು, 5 ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು 30% ಅಗಲ ಕಾಣುತ್ತದೆ. ಯಾರ ಕೈಗಾದರೂ ಫೋನ್ ಕೊಟ್ಟು, 5 ಅಡಿ ದೂರ ನಿಲ್ಲಿಸಿ ಒಂದು ಫೋಟೋ ತೆಗೆಸಿ ನೋಡಿ. ಅಷ್ಟಕ್ಕೂ ಫಿಲ್ಲರ್ ಅಂದರೆ ತುಂಬುವುದು. ಅದರಿಂದ ಮೂಗು ಸಣ್ಣದಾಗಲ್ಲ. ಫಿಲ್ಲರ್‌ನಿಂದ ದೃಷ್ಟಿ ಹೋಗುವ ಅಪಾಯ ಜಾಸ್ತಿ ಇರುವ ಜಾಗಗಳಲ್ಲಿ ಮೂಗೂ ಒಂದು.

ಕಣ್ಣ ಕೆಳಗಿನದು ನನಗೆ ಹತ್ತಿರದ ವಿಷಯ. ವರ್ಷಗಳ ಹಿಂದೆ ಒಬ್ಬರು ತುಂಬಾ ಕೇಳಿಕೊಂಡರು ಅಂತ ಹಾಕಿಬಿಟ್ಟೆ. ಅವರಿಗೆ ಮೊದಲೇ ಅಲ್ಲಿ ಸ್ವಲ್ಪ ಊತ ಇತ್ತು. ಆ ಫಿಲ್ಲರ್‌ನಲ್ಲಿರುವ ಹೈಯಲುರಾನಿಕ್ ಆಸಿಡ್ ನೀರು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎದ್ದರೆ ಅತ್ತು ಮಲಗಿದವರ ಹಾಗೆ ಕಣ್ಣು. ಕೊನೆಗೆ ಕರಗಿಸಬೇಕಾಯಿತು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಆ ತಪ್ಪು ನನ್ನದೇ.

ಮೊದಲು ಹೇಗಿತ್ತು ಅಂದ್ರಲ್ಲ, ನಾನು ಶುರು ಮಾಡಿದಾಗ ತುಂಬೋಕೆ ಇದ್ದದ್ದು ದನದ ಕೊಲಾಜನ್ ಅನ್ನೋ ಪ್ರೋಟೀನ್. ಅಲರ್ಜಿ ನೋಡಲು ಮುಂಗೈಗೆ ಚೂರು ಚುಚ್ಚಿ 4 ವಾರ ಕಾಯಬೇಕಿತ್ತು. ಅಷ್ಟರಲ್ಲಿ ಕೆಲವರಿಗೆ ಬೇಡ ಅನ್ನಿಸುತ್ತಿತ್ತು, ಬರುತ್ತಲೇ ಇರಲಿಲ್ಲ. ಈಗ ಪರೀಕ್ಷೆ ಇಲ್ಲ, ಬಂದ ದಿನವೇ ಮುಗಿಯುತ್ತದೆ. ಆ 4 ವಾರ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಬಾಯಿ ಬಿಟ್ಟು ಮಾಡಬೇಕು. ನಾನಂತೂ ಮೊದಲ ಸಲ ಬಂದವರಿಗೆ ಸೂಜಿ ಹಾಕಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ಫಿಲ್ಟರ್ ಹಾಕಿದ ತನ್ನದೇ ಫೋಟೋ ತೋರಿಸಿ ‘ಹೀಗೆ ಮಾಡಿ’ ಅಂದಳು. ಕನ್ನಡಿ ಕೊಟ್ಟು, ‘ಒಂದೇ ಒಂದು ಜಾಗ ತೋರಿಸಮ್ಮ’ ಅಂದೆ. ಬೆರಳು ಮೂಗಿಗೆ ಹೋಯಿತು, ತುಟಿಗೆ ಬಂತು, ಗಲ್ಲಕ್ಕೆ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಕನ್ನಡಿ ಕೆಳಗಿಟ್ಟು ಸುಮ್ಮನೆ ಕೂತಳು. ಅವಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದ್ರೆ ಇದೆಲ್ಲಾ ಸುಮ್ನೆ ಚಂದಕ್ಕೇನಾ ಸರ್? ಬೋಟಾಕ್ಸ್ ವಿಷ ಅಂತಾರೆ.

ಉತ್ತರ: ಬೋಟಾಕ್ಸ್ ಅಂದರೆ ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್. ಮೂಲದಲ್ಲಿ ವಿಷವೇ, ನಾವು ಕೊಡುವ ಪ್ರಮಾಣ ಬಹಳ ಕಡಿಮೆ. ಆದರೆ ಅದು ಬಂದದ್ದು ಚಂದಕ್ಕಲ್ಲ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ಬಿಡದೆ ಅದುರುವ ರೆಪ್ಪೆಗೆ. ರೆಪ್ಪೆಗೆ ಚುಚ್ಚಿಸಿಕೊಂಡವರ ಹುಬ್ಬಿನ ನಡುವಿನ ಗೆರೆ ಮಾಯವಾಗಿದ್ದನ್ನು ಕಣ್ಣಿನ ಡಾಕ್ಟರ್ ಜೀನ್ ಕರುಥರ್ಸ್ ಗಮನಿಸಿದರು. ಚರ್ಮದ ಡಾಕ್ಟರಾದ ಗಂಡ ಅಲಸ್ಟೇರ್ ಜೊತೆ ಸೇರಿ 1992ರಲ್ಲಿ ಅದರ ಬಗ್ಗೆ ಬರೆದರು. ಗೆರೆಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಪರಿಣಾಮ 3–4 ತಿಂಗಳು, ಆಮೇಲೆ ಸ್ನಾಯು ಮತ್ತೆ ಆಡುತ್ತದೆ. ಸುಟ್ಟ ಗಾಯದ, ಮೊಡವೆಯ ಕಲೆ ಇರುವವರೂ ಬರುತ್ತಾರೆ. ತಲೆ ಬಗ್ಗಿಸಿ ಬಂದವರು ಕೆಲವು ತಿಂಗಳಲ್ಲಿ ತಲೆ ಎತ್ತಿ ಮಾತಾಡುವುದನ್ನು ನೋಡಿದ್ದೇನೆ. ನಾನು ಈ ಕೆಲಸ ಬಿಡದಿರುವುದು ಅದಕ್ಕೇ.

ಮತ್ತೊಬ್ಬರ ಪ್ರಶ್ನೆ: ನಿನ್ನೆ ಸಂಜೆ ಪಾರ್ಲರ್‌ನಲ್ಲಿ ತುಟಿಗೆ ಫಿಲ್ಲರ್ ಹಾಕಿಸಿದೆ. ಒಂದು ಕಡೆ ಬೆಳ್ಳಗಾಗಿ ನೋಯುತ್ತಿದೆ, ಸುತ್ತ ಬಲೆಯ ಹಾಗೆ ನೀಲಿ ಗೆರೆ. ಐಸ್ ಇಡಬಹುದಾ?

ಉತ್ತರ: ಐಸ್ ಬೇಡ. ಕಾಯಬೇಡಿ, ಈಗಲೇ ಹೊರಡಿ. ರಕ್ತನಾಳ ಕಟ್ಟಿಕೊಂಡಿರಬಹುದು. ಹೈಯಲುರಾನಿಡೇಸ್ ಅನ್ನೋ ಔಷಧಿ ಕೊಟ್ಟರೆ ಹೈಯಲುರಾನಿಕ್ ಆಸಿಡ್ ಫಿಲ್ಲರ್ ಕರಗುತ್ತದೆ, ಆದರೆ ತಡವಾದಷ್ಟೂ ಚರ್ಮ ಸಾಯುತ್ತದೆ. ಆ ಔಷಧಿ ಇಟ್ಟುಕೊಂಡಿರುವ ಚರ್ಮದ ಅಥವಾ ಪ್ಲಾಸ್ಟಿಕ್ ಸರ್ಜರಿ ಡಾಕ್ಟರಿಗೆ ದಾರಿಯಲ್ಲೇ ಫೋನ್ ಮಾಡಿ, ಯಾರೂ ಸಿಗದಿದ್ದರೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಕಣ್ಣು ಮಂಜಾದರೆ ನೇರ ಎಮರ್ಜೆನ್ಸಿಗೇ. ಪಾರ್ಲರ್‌ನವರಿಂದ ಫಿಲ್ಲರ್ ಡಬ್ಬಿಯ ಫೋಟೋ ತರಿಸಿಕೊಳ್ಳಿ, ಯಾವುದು ಹಾಕಿದ್ದಾರೆ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ. ನಾನು ನೋಡ್ತಾ ಇರ್ತೀನಿ.