ಸಾಲ್ವರ್ ‘ಉತ್ತರ ಇಲ್ಲ’ ಅಂತಿದೆ: ಲೇಯರ್ ಮೇವಿನ ಲೆಕ್ಕ ಎಲ್ಲಿ ತಪ್ಪಿದೆ?

ಪ್ರಶ್ನೆ: ಮೇಡಂ, ಮೊಟ್ಟೆ ಕೋಳಿಗಳ ಮೇವನ್ನು ನಾವೇ ಮಿಕ್ಸ್ ಮಾಡ್ತೀವಿ. ಖರ್ಚೆಲ್ಲ ಮೇವಿಗೇ ಹೋಗೋದರಿಂದ ಅತಿ ಕಡಿಮೆ ವೆಚ್ಚದ ಫಾರ್ಮುಲಾ ತೆಗೆಯೋಣ ಅಂತ ಎಕ್ಸೆಲ್ ಸಾಲ್ವರ್ (ಷರತ್ತುಗಳಿಗೆ ಒಗ್ಗುವ ಅತ್ಯುತ್ತಮ ಉತ್ತರ ಹುಡುಕೋ ಸಾಧನ) ಮುಂದೆ ಕೂತೆ. ಹಾಕಿರೋದು ಮೂರೇ ಪದಾರ್ಥ: ಮೆಕ್ಕೆಜೋಳ, 44% ಪ್ರೋಟೀನ್ ಇರೋ ಸೋಯಾ ಹಿಂಡಿ, ಸುಣ್ಣಕಲ್ಲಿನ ಪುಡಿ. ಒಟ್ಟು 100 ಕಿಲೋ. ಪ್ರೋಟೀನ್ 17%, ಕ್ಯಾಲ್ಸಿಯಂ 3.8%, ಎನರ್ಜಿ ಕಿಲೋಗೆ 2850 ಕಿಲೋ ಕ್ಯಾಲರಿ, ಇವಕ್ಕಿಂತ ಕಡಿಮೆ ಇರಬಾರದು ಅಂತ ಕೊಟ್ಟೆ. ಉತ್ತರವೇ ಇಲ್ಲ ಅನ್ನುತ್ತೆ. ಬೆಲೆಗಳನ್ನ ಹಿಂದೆ ಮುಂದೆ ಮಾಡಿ ನೋಡಿದ್ದಾಯ್ತು, ಅದೇ ರಾಗ.

ಉತ್ತರ: ಬೆಲೆ ಮುಟ್ಟಿ ಪ್ರಯೋಜನ ಇಲ್ಲ. ಷರತ್ತುಗಳಿಗೆ ಒಗ್ಗುವ ಮಿಶ್ರಣಗಳಲ್ಲಿ ಯಾವುದು ಅಗ್ಗ ಅಂತ ಆರಿಸುವಾಗ ಮಾತ್ರ ಬೆಲೆ ಲೆಕ್ಕಕ್ಕೆ ಬರುತ್ತೆ. ನಿಮ್ಮಲ್ಲಿ ಒಗ್ಗುವ ಮಿಶ್ರಣವೇ ಇಲ್ಲ. ಕೈಯಲ್ಲೇ ಲೆಕ್ಕ ಹಾಕಿ ನೋಡೋಣ.

ಸುಣ್ಣಕಲ್ಲಿನ ಪುಡಿಯಲ್ಲಿ ಕ್ಯಾಲ್ಸಿಯಂ 38%. ಮೆಕ್ಕೆಜೋಳ, ಸೋಯಾದಲ್ಲಿರೋದು ಚಿಲ್ಲರೆ, ಬಿಟ್ಟುಬಿಡಿ. 3.8% ಬೇಕಂದ್ರೆ 10 ಕಿಲೋ ಪುಡಿ ಸುರೀಬೇಕು. ಅದರಲ್ಲಿ ಎನರ್ಜಿ ಸೊನ್ನೆ, ಪ್ರೋಟೀನ್ ಸೊನ್ನೆ. ಉಳಿದ 90 ಕಿಲೋದಲ್ಲೇ 17 ಕಿಲೋ ಪ್ರೋಟೀನ್ ಬರಬೇಕು. ಮೆಕ್ಕೆಜೋಳದ ಪ್ರೋಟೀನ್ 8.5% ಅಂತ ಹಿಡಿದರೆ 63.7 ಕಿಲೋ ಮೆಕ್ಕೆಜೋಳ, 26.3 ಕಿಲೋ ಸೋಯಾ ಆಗುತ್ತೆ. ಎನರ್ಜಿ ಮೆಕ್ಕೆಜೋಳದ್ದು 3350, ಸೋಯಾದ್ದು 2230. ಕೂಡಿಸಿದರೆ ಸಿಗೋದು 2720. ನಿಮಗೆ ಇನ್ನೂ 130 ಬೇಕು. ಸೋಯಾ ಏರಿಸಿದರೆ ಎನರ್ಜಿ ಇಳಿಯುತ್ತೆ, ಮೆಕ್ಕೆಜೋಳ ಏರಿಸಿದರೆ ಪ್ರೋಟೀನ್ ಇಳಿಯುತ್ತೆ. ಸಾಲ್ವರ್ ಸರಿಯಾಗೇ ಹೇಳಿದೆ.

ಎಣ್ಣೆಯನ್ನ ಪಟ್ಟಿಗೆ ಸೇರಿಸಿದರೆ ಸುಮಾರು ಎರಡೂವರೆ ಕಿಲೋದಲ್ಲಿ ಕೊರತೆ ತುಂಬುತ್ತೆ. ಆದರೆ ಅದಕ್ಕೆ ಮೊದಲು, ಈ 17 ಎಲ್ಲಿಂದ ಬಂತು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಕೋಳಿಗೆ ಬೇಕಿರೋದು ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು. ಕಚ್ಚಾ ಪ್ರೋಟೀನ್ ಅನ್ನೋದು ಸಾರಜನಕ ಅಳೆದು 6.25ರಿಂದ ಗುಣಿಸಿದ ಸಂಖ್ಯೆ, ಅಷ್ಟೇ. ಪ್ರೋಟೀನನ್ನ 15.5ಕ್ಕೆ ಇಳಿಸಿದರೆ ಎನರ್ಜಿ 2767ಕ್ಕೆ ಏರುತ್ತೆ. ಆಗಲೂ ಲೈಸಿನ್ ಅನ್ನೋ ಅಮೈನೋ ಆಮ್ಲ 0.77% ಇರುತ್ತೆ, ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್, ಅಂದ್ರೆ ಎನ್‌ಆರ್‌ಸಿ 1994ರ ಕೋಷ್ಟಕ ದಿನಕ್ಕೆ 100 ಗ್ರಾಂ ತಿನ್ನೋ ಕೋಳಿಗೆ ಕೇಳೋದು 0.69. ಕೈಕೊಡೋದು ಇನ್ನೊಂದು ಅಮೈನೋ ಆಮ್ಲ, ಮೆಥಿಯೋನಿನ್: ಬೇಕಿರೋದು 0.30, ಇರೋದು 0.26. ಅಂದ್ರೆ 100 ಕಿಲೋಗೆ ಸುಮಾರು 40 ಗ್ರಾಂ ಡಿಎಲ್ ಮೆಥಿಯೋನಿನ್. ಒಂದು ಹಿಡಿ ಪುಡಿ, ನಾಲ್ಕು ಕಿಲೋ ಸೋಯಾದ ಕೆಲಸ ಮಾಡುತ್ತೆ. ಈಗಿನ ತಳಿಗಳಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ನಿಮ್ಮ ತಳಿಯ ಗೈಡ್‌ನಲ್ಲಿರೋ ಜೀರ್ಣವಾಗುವ ಅಮೈನೋ ಆಮ್ಲಗಳ ಅಂಕಿಗಳನ್ನೇ ಷರತ್ತಾಗಿ ಹಾಕಿ.

ಪ್ರಶ್ನೆ: ಮೇಡಂ, 2850 ಎನರ್ಜಿ ಕೂಡ ಹಾಗೇನಾ? ಅದನ್ನೂ ಇಳಿಸಬಹುದಾ?

ಉತ್ತರ: ಒಳ್ಳೇ ಪ್ರಶ್ನೆ. ಇಳಿಸಬಹುದು, ಆದರೆ ಅದೊಂದನ್ನೇ ಇಳಿಸಿದರೆ ಕೆಡ್ತೀರಿ. ಕೋಳಿ ಹೆಚ್ಚುಕಡಿಮೆ ಎನರ್ಜಿ ನೋಡಿಕೊಂಡೇ ತಿನ್ನೋದು. ದಿನಕ್ಕೆ 300 ಕಿಲೋ ಕ್ಯಾಲರಿ ಬೇಕಿರೋ ಕೋಳಿ 2850ರ ಮೇವಾದರೆ 105 ಗ್ರಾಂ ತಿನ್ನುತ್ತೆ, 2700ರದ್ದಾದರೆ 111 ಗ್ರಾಂ. ದಿನಕ್ಕೆ 4 ಗ್ರಾಂ ಕ್ಯಾಲ್ಸಿಯಂ ಸಿಗಬೇಕು ಅಂದ್ರೆ 105 ಗ್ರಾಂನಲ್ಲಿ 3.8% ಬೇಕು, 111 ಗ್ರಾಂನಲ್ಲಿ 3.6% ಸಾಕು. ನಿಮ್ಮ 17% ಪ್ರೋಟೀನ್ ಕೂಡ ಅದೇ ಲೆಕ್ಕದಲ್ಲಿ 16.1 ಆಗುತ್ತೆ. ಈ ಹೊಸ ಅಂಕಿಗಳನ್ನ ಹಾಕಿ ಓಡಿಸಿ. ಅದೇ ಮೂರು ಪದಾರ್ಥಗಳಲ್ಲಿ ಉತ್ತರ ಬರುತ್ತೆ, ಸುಣ್ಣಕಲ್ಲನ್ನ 3.6%ಗೆ ಬೇಕಾದಷ್ಟಕ್ಕೇ ನಿಲ್ಲಿಸಿದರೆ ಎನರ್ಜಿ ಸುಮಾರು 2766. ಮೇಲೆ ಉಳಿದ 66ರಲ್ಲಿ ಗೋಧಿ ಬೂಸಾ ಮೂರೂವರೆ ಕಿಲೋ ತುರುಕಬಹುದು. ತುರುಕಬೇಡಿ. ಉಪ್ಪು, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ವಿಟಮಿನ್-ಖನಿಜಗಳ ಪ್ರೀಮಿಕ್ಸ್ ನಿಮ್ಮ ಪಟ್ಟಿಯಲ್ಲೇ ಇಲ್ಲ, ಆ ಜಾಗ ಅವಕ್ಕೆ.

ಇಲ್ಲೇ ತುಂಬಾ ಜನ ಮುಗ್ಗರಿಸೋದು. ಸಾಲ್ವರ್‌ಗೆ ಕಿಲೋ ಮೇವಿನ ಬೆಲೆ ಇಳಿಸು ಅಂತ ಹೇಳಿರ್ತೀವಿ. ನಮಗೆ ಬೇಕಿರೋದು ಮೊಟ್ಟೆಯ ಖರ್ಚು ಇಳಿಯೋದು. 2700ರ ಮೇವು 2850ರದ್ದಕ್ಕಿಂತ ಕಿಲೋಗೆ 5.3%ಗಿಂತ ಹೆಚ್ಚು ಅಗ್ಗವಾದರೆ ಮಾತ್ರ ಲಾಭ, ಯಾಕಂದ್ರೆ ಕೋಳಿ ಅದನ್ನ ಜಾಸ್ತಿ ತಿಂದು ಬಿಡುತ್ತೆ. ನಾನಾದರೆ ಎನರ್ಜಿಯನ್ನ 2650ರಿಂದ 2900ರವರೆಗೆ 50ರ ಮೆಟ್ಟಿಲಲ್ಲಿ ಏರಿಸಿ, ಉಳಿದವನ್ನೆಲ್ಲ ಅದೇ ಅನುಪಾತದಲ್ಲಿ ಬದಲಿಸಿ, ಆರು ಸಲ ಓಡಿಸ್ತೀನಿ. ಪ್ರತಿ ಸಲದ ಬೆಲೆಯನ್ನ ತಿನ್ನುವ ಗ್ರಾಂನಿಂದ ಗುಣಿಸಿ, ಕೋಳಿಗೆ ದಿನಕ್ಕೆಷ್ಟು ಅಂತ ನೋಡ್ತೀನಿ. ಬೇಸಿಗೆಯ ಸೆಕೆಯಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ. ಆಗ ಕೋಳಿ ತಿನ್ನೋದೇ ಕಮ್ಮಿ.

ಗುಂಪಿನ ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಬೇರೆ ತಾಪತ್ರಯ. ಹತ್ತಿಬೀಜದ ಹಿಂಡಿ ಸ್ವಲ್ಪ ಅಗ್ಗ ಆಗಿದ್ದೇ ತಡ, ಸಾಫ್ಟ್‌ವೇರ್ ಒಂದೇ ಸಲಕ್ಕೆ 14% ಹಾಕು ಅಂತು. ಹಾಕಿದ್ವಿ, ಕೋಳಿಗಳು ಮೇವು ಮೂಸಿ ಹಿಂದೆ ಸರಿದವು.

ಉತ್ತರ: ಸಾಫ್ಟ್‌ವೇರ್ ಹತ್ತಿಬೀಜದಲ್ಲಿರೋ ಗಾಸಿಪಾಲ್ ಅನ್ನೋ ವಿಷಕಾರಿ ವಸ್ತುವನ್ನ ಕಂಡಿಲ್ಲ, ನೀವು ಹೇಳಿಕೊಡಬೇಕು. ಮೊಟ್ಟೆಯನ್ನ ದಿನಗಟ್ಟಲೆ ಕೂಡಿಟ್ಟರೆ ಹಳದಿ ಭಾಗ ಪಾಚಿ ಬಣ್ಣಕ್ಕೆ ತಿರುಗೋದೂ ಅದರಿಂದಲೇ. ಅಂಥ ಪದಾರ್ಥಕ್ಕೆಲ್ಲ ಗರಿಷ್ಠ ಮಿತಿ ಹಾಕಿ. ಜೊತೆಗೆ ‘ಹಿಂದಿನ ಫಾರ್ಮುಲಾಗಿಂತ 3 ಕಿಲೋ ಮೇಲೆ ಕೆಳಗೆ ಆಗಬಾರದು’ ಅನ್ನೋ ಷರತ್ತೂ ಇರಲಿ.

ಸಾಲ್ವರ್ ಒಳಗಿರೋ ಲೀನಿಯರ್ ಪ್ರೋಗ್ರಾಮಿಂಗ್‌ನ ಜಾಯಮಾನವೇ ಹೀಗೆ, ಮೂಲೆಗೆ ಹೋಗಿ ಕೂರುತ್ತೆ: ಕೆಲವೇ ಪದಾರ್ಥ ಆರಿಸಿ ಉಳಿದವನ್ನ ಬಿಟ್ಟುಬಿಡುತ್ತೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಮನುಷ್ಯನ ಅತಿ ಅಗ್ಗದ ಊಟಕ್ಕೆ 77 ಪದಾರ್ಥಗಳಿಂದ ಲೆಕ್ಕ ಹಾಕಿದಾಗಲೂ ತಟ್ಟೆಯಲ್ಲಿ ಉಳಿದದ್ದು ಐದೇ. 1947ರಲ್ಲಿ ಅದೇ ಲೆಕ್ಕವನ್ನ ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸೋ ಸಿಂಪ್ಲೆಕ್ಸ್ ವಿಧಾನದಲ್ಲಿ ಬಿಡಿಸೋಕೆ ಒಂಬತ್ತು ಗುಮಾಸ್ತರು ಕೂತರು, 120 ಆಳು-ದಿನ ಹಿಡೀತು. ಸ್ಟಿಗ್ಲರ್ ಅಂದಾಜಿಗೂ ಅದಕ್ಕೂ ವರ್ಷಕ್ಕೆ 24 ಸೆಂಟ್ ವ್ಯತ್ಯಾಸ!

ಪ್ರಶ್ನೆ: ಕೊನೇದು ಮೇಡಂ. ಮೆಕ್ಕೆಜೋಳದ ಪ್ರೋಟೀನ್ 8.5 ಅಂದ್ರಿ. ಲೋಡಿಂದ ಲೋಡಿಗೆ ಬೇರೆ ಬರುತ್ತಲ್ಲ?

ಉತ್ತರ: ಬರುತ್ತೆ. ಸರಾಸರಿಯನ್ನೇ ಹಾಕಿ ಷರತ್ತಿನ ಅಂಚಿಗೆ ಮಿಕ್ಸ್ ಮಾಡಿದರೆ ಸುಮಾರು ಅರ್ಧದಷ್ಟು ಬ್ಯಾಚ್‌ಗಳಲ್ಲಿ ಕೊರತೆ ಬೀಳುತ್ತೆ. ನಿಮ್ಮ ಹಳೇ ಲ್ಯಾಬ್ ರಿಪೋರ್ಟ್‌ಗಳಿಂದ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಏರುಪೇರಾಗುತ್ತೆ ಅನ್ನೋ ಅಳತೆ) ತೆಗೆದು, ಪ್ರತಿ ಪದಾರ್ಥದ ಸರಾಸರಿಯಲ್ಲಿ ಅದರ ಅರ್ಧ ಕಳೆದು ಹಾಕಿ. ಹತ್ತರಲ್ಲಿ ಏಳು ಬ್ಯಾಚ್ ಆದರೂ ಪಾಸಾಗುತ್ತವೆ. ಪಕ್ಕಾ ಲೆಕ್ಕ ಬೇಕಂದ್ರೆ ವ್ಯತ್ಯಾಸದ ವರ್ಗಗಳು ಷರತ್ತಿನೊಳಗೇ ಬರುತ್ತವೆ, ಆಗ ಸಾಲ್ವರ್‌ನಲ್ಲಿ ನಾನ್‌ಲೀನಿಯರ್ ವಿಧಾನ ಆರಿಸಬೇಕು. ಆರು ರಿಪೋರ್ಟ್ ಕೂಡ ಇಲ್ಲದಿದ್ದರೆ ಅದರ ಗೊಡವೆ ಬೇಡ.

ಓಡಿಸಿದ ಮೇಲೆ ಸೆನ್ಸಿಟಿವಿಟಿ ರಿಪೋರ್ಟನ್ನ ಇಲ್ಲಿ ಹಾಕಿ. ಪ್ರೋಟೀನ್ ಸಾಲಿನ ಮುಂದೆ ಶ್ಯಾಡೋ ಪ್ರೈಸ್ (ಷರತ್ತನ್ನ ಒಂದು ಅಂಶ ಬಿಗಿ ಮಾಡಿದರೆ ಏರೋ ಖರ್ಚು) ಸೊನ್ನೆ ಬಂದಿದ್ದರೆ ನಿಮ್ಮ 17ರ ಗಲಾಟೆ ಮುಗೀತು. ದೊಡ್ಡದಿದ್ದರೆ ಆ ಒಂದು ಷರತ್ತಿಗೆ ಎಷ್ಟು ದಂಡ ಕಟ್ತಿದ್ದೀರಿ ಅಂತ ಅಲ್ಲೇ ಕಾಣುತ್ತೆ.