ಲೀನಿಯರ್ ನೆಟ್‌ವರ್ಕ್‌ನಲ್ಲಿ ಎರರ್ ಇಳಿಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಒಂದೇ ನ್ಯೂರಾನ್ ಇರುವ ಲೀನಿಯರ್ ನೆಟ್‌ವರ್ಕ್ ಬರೆದಿದ್ದೇನೆ, ಅಂದರೆ ಪ್ರತಿ ಇನ್‌ಪುಟನ್ನು ಒಂದು ವೇಟ್‌ನಿಂದ (ಕಲಿಯುತ್ತಾ ಬದಲಾಗುವ ಸಂಖ್ಯೆ) ಗುಣಿಸಿ ಕೂಡಿಸುವ ಪ್ರೋಗ್ರಾಂ. ಮನೆ ಎಷ್ಟು ಚದರ ಅಡಿ, ಎಷ್ಟು ಕೋಣೆ ಅಂತ ಕೊಟ್ಟರೆ ಬೆಲೆ ಊಹಿಸಬೇಕು. ಲರ್ನಿಂಗ್ ರೇಟ್ (ಪ್ರತಿ ಸಲ ವೇಟನ್ನು ಎಷ್ಟು ತಿದ್ದಬೇಕು ಎಂಬ ಅಳತೆ) 0.1. ಎರರ್ (ನಿಜ ಬೆಲೆಗೂ ಊಹೆಗೂ ಇರುವ ವ್ಯತ್ಯಾಸ) ಇಳಿಯುವ ಬದಲು ಏರಿ ಏರಿ ಕೊನೆಗೆ ನ್ಯಾನ್ (NaN, ಸಂಖ್ಯೆಯೇ ಅಲ್ಲ ಎಂಬ ಸೂಚನೆ) ಬರುತ್ತದೆ. ಇನ್ನೂ ಎರಡು ಲೇಯರ್ (ನ್ಯೂರಾನ್‌ಗಳ ಸಾಲು) ಸೇರಿಸಲೇ?

ಉತ್ತರ 1
ಲೇಯರ್ ಆಮೇಲೆ ನೋಡೋಣ. ಮೊದಲು ಪೇಪರ್ ಮೇಲೆ ಒಂದೇ ವೇಟ್ ಇಟ್ಟುಕೊಂಡು ಲೆಕ್ಕ ಮಾಡಿ. ಇನ್‌ಪುಟ್ 10, ಬರಬೇಕಾದ ಉತ್ತರ 20, ವೇಟ್ 0 ಅಂದುಕೊಳ್ಳಿ. ಎರರ್ 20. ಎರರ್, ಇನ್‌ಪುಟ್, ಲರ್ನಿಂಗ್ ರೇಟ್ ಮೂರನ್ನೂ ಗುಣಿಸಿ ವೇಟ್‌ಗೆ ಕೂಡಿಸಬೇಕು. 1960ರಲ್ಲಿ ವಿಡ್ರೋ ಮತ್ತು ಹಾಫ್ ಎಂಬ ಸಂಶೋಧಕರು ಅಡಲೈನ್ ಎಂಬ ತಮ್ಮ ಒಂದೇ ನ್ಯೂರಾನ್‌ನ ನೆಟ್‌ವರ್ಕ್‌ಗೆ ಬಳಸಿದ್ದೂ ಇದೇ ನಿಯಮ. ರೇಟ್ 0.1 ಆದರೆ ವೇಟ್ ಒಮ್ಮೆಲೇ 20ಕ್ಕೆ ಹಾರುತ್ತದೆ, ಊಹೆ 200, ಎರರ್ ಮೈನಸ್ 180. ಮುಂದಿನ ಸಲ 1620. ಪ್ರತಿ ಸಲ ಒಂಬತ್ತು ಪಟ್ಟು! ಅದೇ ರೇಟ್ 0.01 ಇಟ್ಟರೆ ಒಂದೇ ಹೆಜ್ಜೆಗೆ ವೇಟ್ 2, ಎರರ್ ಸೊನ್ನೆ. 0.001 ಆದರೆ ಎರರ್ ಪ್ರತಿ ಸಲ ಹತ್ತನೇ ಒಂದು ಪಾಲು ಕರಗುತ್ತದೆ. ರೇಟನ್ನು ಇನ್‌ಪುಟ್‌ನ ವರ್ಗದಿಂದ ಗುಣಿಸಿದಾಗ 2ಕ್ಕಿಂತ ಕಡಿಮೆ ಬರಬೇಕು, ಗುಟ್ಟು ಇಷ್ಟೇ. ನಿಮ್ಮದು 1200 ಚದರ ಅಡಿ ಇದ್ದರೆ ವರ್ಗವೇ 14,40,000. 0.1 ಹೇಗೆ ತಡೆದೀತು ಹೇಳಿ?

ಉತ್ತರ 2
ಹಾಗಂತ ಸುಮ್ನೆ ರೇಟ್ ಇಳಿಸಬೇಡಿ. ಚದರ ಅಡಿಗೆ ಸರಿಹೋಗುವಷ್ಟು ಇಳಿಸಿದರೆ ಕೋಣೆಯ ವೇಟ್ ಅಲುಗಾಡುವುದೇ ಇಲ್ಲ. ಎರರ್ ನಿಂತಂತೆ ಕಾಣುತ್ತದೆ, ಕಲಿಕೆ ಮುಗಿಯಿತು ಅಂದುಕೊಳ್ಳುತ್ತೇವೆ. ಪ್ರತಿ ಕಾಲಮ್‌ನಿಂದ ಅದರ ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ. ನನಗೆ ಜಾಸ್ತಿ ಸಮಯ ಉಳಿಸಿದ್ದು ಇದೇ. ಆ ಎರಡು ಸಂಖ್ಯೆ ಎತ್ತಿಡಿ, ಹೊಸ ಮನೆಯ ಬೆಲೆ ಊಹಿಸುವಾಗಲೂ ಅವೇ ಬೇಕು. ಬಯಾಸ್ (ಇನ್‌ಪುಟ್ ಏನೇ ಇರಲಿ, ಕೊನೆಗೆ ಕೂಡಿಸುವ ಸಂಖ್ಯೆ; ಇದನ್ನೂ ಕಲಿಸಬೇಕು) ಮರೆಯಬೇಡಿ.

ಉತ್ತರ 3
ಲೇಯರ್ ಬಗ್ಗೆ ಕೇಳಿದ್ದಿರಿ ಅಲ್ವಾ? ನಡುವೆ ಆಕ್ಟಿವೇಶನ್ (ನೇರ ಗೆರೆಯನ್ನು ಬಾಗಿಸುವ ಫಂಕ್ಷನ್) ಇಲ್ಲದಿದ್ದರೆ ಎಷ್ಟು ಲೇಯರ್ ಪೇರಿಸಿದರೂ ಅವುಗಳ ವೇಟ್‌ಗಳ ಕೋಷ್ಟಕಗಳು, ಅಂದರೆ ಮ್ಯಾಟ್ರಿಕ್ಸ್‌ಗಳೆಲ್ಲ ಗುಣಿಸಿ ಒಂದೇ ಆಗುತ್ತವೆ. ಹೊಸ ಶಕ್ತಿ ಏನೂ ಬರುವುದಿಲ್ಲ. ಒಂದೇ ಲೇಯರ್‌ನಲ್ಲಿ ಎರರ್‌ಗಳ ವರ್ಗದ ಮೊತ್ತವು ವೇಟ್ ಬದಲಾದಂತೆ ಬಟ್ಟಲಿನ ಆಕಾರದಲ್ಲಿ ಇರುತ್ತದೆ, ಬೇರೆ ಗುಂಡಿಯಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ. ಅದೇ ಡೇಟಾಗೆ ಲೀಸ್ಟ್ ಸ್ಕ್ವೇರ್ಸ್ (ಆ ಮೊತ್ತ ಅತಿ ಕಡಿಮೆ ಆಗುವ ವೇಟ್‌ಗಳನ್ನು ಸೂತ್ರದಿಂದ ಕಂಡುಹಿಡಿಯುವ ವಿಧಾನ) ಉತ್ತರವನ್ನು ನೇರವಾಗಿ ತೆಗೆದು ನಿಮ್ಮ ವೇಟ್‌ಗಳ ಪಕ್ಕ ಇಟ್ಟು ನೋಡಿ. ಎರಡೂ ಹೊಂದಿದ ಮೇಲೂ ಎರರ್ ಜಾಸ್ತಿ ಇದ್ದರೆ ಕೋಡ್ ತಡಕಬೇಡಿ. ಬೆಲೆಯನ್ನು ನಿರ್ಧರಿಸುವ ಇನ್ನೇನೋ ನಿಮ್ಮ ಕಾಲಮ್‌ಗಳಲ್ಲಿ ಇಲ್ಲ, ಅಥವಾ ಸಂಬಂಧವೇ ನೇರ ಗೆರೆಯದ್ದಲ್ಲ.