‘ಬ್ಯಾಕ್‌ಲ್ಯಾಶ್’ಗೆ ಏನಂತೀರಿ? ಜೊತೆಗೆ ‘ಸಲಿಂಗಕಾಮಿ’ ಬಗ್ಗೆ ಒಂದು ತಕರಾರು

ಎಲ್ರಿಗೂ ನಮಸ್ಕಾರ,

ಒಂದು ವೆಬ್ ಪತ್ರಿಕೆಗೆ ಲೇಖನ ಬರೀತಿದೀನಿ, ಅಮೆರಿಕ ಕೆನಡಾ ಕಡೆ ದಿನಪತ್ರಿಕೆಗಳ ಕಾಮಿಕ್ ಸ್ಟ್ರಿಪ್‌ಗಳಲ್ಲಿ ಗೇ ಪಾತ್ರ ಬಂದಾಗ ಓದುಗರು ಮೈಮೇಲೆ ಬಂದವರ ಹಾಗೆ ಆಡಿದ್ದು, ಸಂಪಾದಕರು ಹೆದ್ರಿ ಪುಟದಿಂದ ಎತ್ತಿ ಹಾಕಿದ್ದು, ಇದರ ಬಗ್ಗೆ. ವಿಷಯ ಎಲ್ಲ ಕೈಲಿದೆ, ಮೂರ್ನಾಲ್ಕು ಪದಗಳ ಹತ್ರ ಬಂದು ನಿಂತಿದೀನಿ. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯ (ಜೀವಿ) ಅವರ ‘ಇಗೋ ಕನ್ನಡ’ ಅಂಕಣ ಬರ್ತಿದ್ದ ಕಾಲ ಆಗಿದ್ರೆ ಒಂದು ಕಾರ್ಡ್ ಹಾಕಿ ಕೇಳ್ತಿದ್ದೆ, ಈಗ ನೀವೇ ಗತಿ.

ಮೊದಲು ಸಂದರ್ಭ ಹೇಳಿಬಿಡ್ತೀನಿ, ಇಲ್ಲಾಂದ್ರೆ ಎಲ್ರೂ ನಿಘಂಟು ತೆಗೆದು ಸಾಲಾಗಿ ಅರ್ಥ ಕಳಿಸ್ತೀರಿ. ಲಿನ್ ಜಾನ್‌ಸ್ಟನ್ ಅಂತ ಕೆನಡಾದವರು 1979ರಿಂದ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ ಅನ್ನೋ ಸ್ಟ್ರಿಪ್ ಬರೀತಿದ್ರು. ಪ್ಯಾಟರ್ಸನ್ ಅಂತ ಒಂದು ಸಂಸಾರ, ಅಪ್ಪ ಹಲ್ಲಿನ ಡಾಕ್ಟ್ರು, ಅಮ್ಮ, ಮಕ್ಕಳು, ಒಂದು ನಾಯಿ, ಅಕ್ಕಪಕ್ಕದ ಮನೆಯವ್ರು, ಅಷ್ಟೇ. ಆದ್ರೆ ಅದರಲ್ಲಿ ಪಾತ್ರಗಳಿಗೆ ನಮ್ಮ ಹಾಗೇ ವಯಸ್ಸಾಗ್ತಾ ಹೋಗುತ್ತೆ, ‘ಡೆನಿಸ್ ದ ಮೆನೇಸ್’ ಸ್ಟ್ರಿಪ್ಪಿನ ಡೆನಿಸ್ ಥರ ಎಷ್ಟು ದಶಕ ಆದ್ರೂ ಐದೂವರೆ ವರ್ಷದ ಪೋರನಾಗೇ ಉಳಿಯೋದಿಲ್ಲ. ಹಾಗಾಗಿ ಓದುಗರಿಗೆ ಅವ್ರೆಲ್ಲ ತಮ್ಮದೇ ಬೀದಿಯ ಮಕ್ಕಳಿದ್ದ ಹಾಗೆ, ಕಣ್ಮುಂದೆ ಬೆಳೆದವರು. ಆ ಮನೆಯ ಮಗ ಮೈಕಲ್‌ನ ಗೆಳೆಯ, ಪಕ್ಕದ್ಮನೆ ಲಾರೆನ್ಸ್, 1993ರ ಮಾರ್ಚ್ ಕೊನೆಗೆ ಮೈಕಲ್ ಹತ್ರ ಮಾತಾಡ್ತಾ ತನಗೆ ಪ್ರೀತಿ ಆಗಿದೆ, ಆದ್ರೆ ಹುಡುಗಿ ಮೇಲಲ್ಲ ಅಂತ ಹೇಳ್ತಾನೆ. ಹದಿನೇಳು ವರ್ಷದ ಹುಡುಗ. ಆಮೇಲೆ ಮನೇಲಿ ಹೇಳ್ತಾನೆ, ಅಮ್ಮ ನಂಬೋದಿಲ್ಲ, ಇದೆಲ್ಲ ವಯಸ್ಸಿನದು ಸರಿಹೋಗುತ್ತೆ ಅನ್ನೋ ಧಾಟಿ, ಮಲತಂದೆ ಮನೆಯಿಂದ ಆಚೆ ಹಾಕ್ತಾನೆ, ರಾತ್ರಿ ಅಮ್ಮನಿಗೆ ಜೀವ ತಡೀದೆ ಪಕ್ಕದ್ಮನೆಗೆ ಫೋನು, ಮೈಕಲ್ ಹುಡುಕ್ಕೊಂಡು ಹೋಗಿ ಕರ್ಕೊಂಡು ಬರ್ತಾನೆ, ಕೊನೆಗೆ ಮನೆಗೆ ಸೇರಿಸ್ಕೋತಾರೆ. ನಾಲ್ಕೈದು ವಾರದ ಕತೆ. ಜಾನ್‌ಸ್ಟನ್ ಇದನ್ನ ಬರೆಯೋದಕ್ಕೆ ಹಿನ್ನೆಲೆ ಅಂದ್ರೆ ಅವರ ಆಪ್ತ ಗೆಳೆಯರೊಬ್ರು, ಹಾಸ್ಯ ಬರೀತಿದ್ದವರು, ಗೇ, 1991ರಲ್ಲಿ ಕೊಲೆಯಾಗಿ ಹೋದದ್ದು.

ಈಗ ಪ್ರಶ್ನೆ. ಇದಕ್ಕೆ ಅಲ್ಲಿ ಆದದ್ದನ್ನ ಇಂಗ್ಲಿಷಲ್ಲಿ ಬ್ಯಾಕ್‌ಲ್ಯಾಶ್ ಅಂತ ಕರೀತಾರೆ. ಕನ್ನಡದಲ್ಲಿ ಏನನ್ನಬೇಕು?

ನಮ್ಮ ಟಿವಿಯವ್ರ ಕೈಗೆ ಕೊಟ್ರೆ ‘ತಿರುಗೇಟು’ ಅಂದ್ಬಿಡ್ತಾರೆ, ಆದ್ರೆ ಅದು ಒಬ್ಬ ರಾಜಕಾರಣಿ ಇನ್ನೊಬ್ಬನಿಗೆ ಪ್ರೆಸ್‌ಮೀಟಲ್ಲಿ ಕೊಡೋದು, ಅಲ್ಲಿ ಮೊದಲು ಒಬ್ರು ಏಟು ಕೊಟ್ಟಿರಬೇಕು. ಜಾನ್‌ಸ್ಟನ್ ಯಾರಿಗೂ ಏಟು ಕೊಟ್ಟಿರಲಿಲ್ಲ. ‘ವಿರೋಧ’ ಅಂದ್ರೆ ಸಪ್ಪೆ, ರಸ್ತೆ ಅಗಲೀಕರಣಕ್ಕೂ ವಿರೋಧ ಇರುತ್ತೆ. ‘ಜನಾಕ್ರೋಶ’ ಅಂದ್ರೆ ಬಸ್ಸಿಗೆ ಕಲ್ಲು ಹೊಡೆದ ಹಾಗೆ ಕೇಳ್ಸುತ್ತೆ, ಇಲ್ಲಿ ಜನ ಮಾಡಿದ್ದು ಪತ್ರ ಬರೆದದ್ದು, ಪತ್ರಿಕೆ ಆಫೀಸಿಗೆ ಫೋನ್ ಮಾಡಿ ಕೂಗಾಡಿದ್ದು, ಚಂದಾ ನಿಲ್ಲಿಸ್ತೀನಿ ಅಂದದ್ದು. ‘ಕೆಂಗಣ್ಣಿಗೆ ಗುರಿಯಾಯ್ತು’ ಅಂತ ಪೇಪರ್ ಕನ್ನಡ ಒಂದಿದೆ, ಅದನ್ನ ಬಳಸೋಕೆ ನನಗೆ ಬೇಜಾರು.

ನನ್ನ ಕಿವಿಗೆ ಸರಿ ಕಾಣೋದು ‘ತಿರುಗಿಬೀಳು’. ಅಲ್ಲೀತನಕ ಜೊತೆಗಿದ್ದವ್ರೇ ಉಲ್ಟಾ ಹೊಡೆದ್ರು ಅನ್ನೋ ಭಾವ ಅದ್ರಲ್ಲಿದೆ, ಹದಿನಾಲ್ಕು ವರ್ಷ ಆ ಸ್ಟ್ರಿಪ್ಪನ್ನ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸ್ತಿದ್ದವ್ರೇ ಈಗ ಬೈದು ಪತ್ರ ಬರೀತಾರೆ ಅಂದ್ರೆ ಅದು ತಿರುಗಿಬೀಳೋದೇ. ತೊಂದ್ರೆ ಏನಂದ್ರೆ ಇದು ಕ್ರಿಯಾಪದ, ನನಗೆ ಶೀರ್ಷಿಕೆಗೆ ನಾಮಪದ ಬೇಕು. ‘ತಿರುಗಿಬೀಳುವಿಕೆ’ ಅಂದ್ರೆ ಸರ್ಕಾರಿ ಸುತ್ತೋಲೆ. ‘ಓದುಗರ ತಿರುಗಿಬೀಳು’ ಅಂತ ‘ಅಳು’ ‘ನಗು’ ಥರ ಹಾಗೇ ನಾಮಪದವಾಗಿ ನಿಲ್ಲಿಸೋಕಾಗುತ್ತಾ? ನನಗೆ ನಾಲಿಗೆ ಮೇಲೆ ನಿಲ್ತಿಲ್ಲ. ಹಳೇ ಮೈಸೂರು ಕಡೆಯವ್ರು ‘ಹುಯಿಲು’ ಅಂತಾರಲ್ಲ, ‘ಹುಯಿಲೆದ್ದಿತು’ ಅಂತ, ಅದು ಗದ್ದಲದ ಮಟ್ಟಕ್ಕೆ ಸರಿ, ಆದ್ರೆ ಅದ್ರಲ್ಲಿ ಯಾರು ಯಾರ ವಿರುದ್ಧ ಅನ್ನೋದು ಇಲ್ಲ. ಉತ್ತರ ಕರ್ನಾಟಕದವ್ರ ಹತ್ರ, ಕರಾವಳಿಯವ್ರ ಹತ್ರ ಏನಾದ್ರೂ ಇದೆಯಾ? 

ಇನ್ನೊಂದು ಸೂಕ್ಷ್ಮ, ಪದ ಹುಡುಕೋವಾಗ ಇದನ್ನೂ ಗಮನದಲ್ಲಿಡಿ. ‘ಓದುಗರು ತಿರುಗಿಬಿದ್ದರು’ ಅಂದ್ರೆ ಎಲ್ಲ ಓದುಗರೂ ಅನ್ನೋ ಹಾಗೆ ಆಗುತ್ತೆ, ನಿಜವಾಗಿ ಹಾಗಾಗಲಿಲ್ಲ. ಜಾನ್‌ಸ್ಟನ್‌ಗೆ ಬಂದ ಸಾವಿರಾರು ಪತ್ರಗಳಲ್ಲಿ ಪರವಾಗಿ ಬಂದವೇ ಹೆಚ್ಚು, ತಂದೆತಾಯಿ ಬರೆದವು, ಮನೇಲಿ ಹೇಳಲಾರದೆ ಒದ್ದಾಡ್ತಿದ್ದ ಮಕ್ಕಳು ಬರೆದವು. ಸ್ಟ್ರಿಪ್ ತೆಗೆದ್ಹಾಕಿದ್ದು ಸಂಪಾದಕರು. ಸಾವಿರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅದು ಬರ್ತಿತ್ತು, ಅದ್ರಲ್ಲಿ ಹತ್ತಾರು ಪತ್ರಿಕೆಗಳು ಆ ವಾರಗಳಿಗೆ ಮಾತ್ರ ಬೇರೆ ಕಂತು ಹಾಕಿ ಸುಮ್ನಾದ್ವು, ಇಪ್ಪತ್ತರ ಹತ್ತಿರದಷ್ಟು ಪತ್ರಿಕೆಗಳು ಸ್ಟ್ರಿಪ್ಪನ್ನೇ ಪೂರ್ತಿ ಕೈಬಿಟ್ವು. ಇವೆರಡಕ್ಕೂ ಇಂಗ್ಲಿಷಲ್ಲಿ ಒಂದೇ ಮಾತು ಓಡ್ಸಿಬಿಡ್ತಾರೆ, ನಾನು ಮೊದಲನೇದಕ್ಕೆ ‘ತಡೆಹಿಡಿದರು’ ಎರಡನೇದಕ್ಕೆ ‘ಕೈಬಿಟ್ಟರು’ ಅಂತ ಇಟ್ಕೊಂಡಿದೀನಿ, ಇದಕ್ಕೆ ನಿಮ್ಮ ತಕರಾರು ಇರಲಿಕ್ಕಿಲ್ಲ.

ತಕರಾರು ಇರೋದು ನನ್ನದು, ‘ಸಲಿಂಗಕಾಮಿ’ ಮೇಲೆ.

ನಮ್ಮಲ್ಲಿ ಪೇಪರಲ್ಲಿ, ಕೋರ್ಟ್ ಸುದ್ದೀಲಿ, ಎಲ್ಲ ಕಡೆ ಚಲಾವಣೆಯಲ್ಲಿರೋದು ಅದೇ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಷಯದಲ್ಲಿ ತೀರ್ಪು ಕೊಟ್ಟಾಗ್ಲೂ ‘ಸಲಿಂಗಕಾಮ ಅಪರಾಧವಲ್ಲ’ ಅಂತಾನೇ ಓದಿದ್ವಿ. ಕಾನೂನಿನ ಸಂದರ್ಭಕ್ಕೆ ಅದು ನಡೆಯಬಹುದೇನೋ, ಆ ಸೆಕ್ಷನ್ ಇದ್ದದ್ದೇ ದೈಹಿಕ ಸಂಪರ್ಕದ ಬಗ್ಗೆ. ಆದ್ರೆ ಲಾರೆನ್ಸ್ ಕತೇಲಿ ಕಾಮ ಎಲ್ಲಿದೆ? ಆ ನಾಲ್ಕೈದು ವಾರದ ಚೌಕಗಳಲ್ಲಿ ಒಂದು ಮುತ್ತಿಲ್ಲ, ಕೈ ಹಿಡಿಯೋದಿಲ್ಲ. ಇರೋದು ಅಡುಗೆಮನೇಲಿ ನಿಂತ ಅಮ್ಮ, ರೇಗೋ ಅಪ್ಪ, ಕಾರು ತಗೊಂಡು ಹುಡುಕೋ ಗೆಳೆಯ. ಇಷ್ಟಕ್ಕೇ ಜನ ಇದು ಮಕ್ಕಳು ಓದೋ ಪುಟ, ಇಲ್ಲಿ ಸೆಕ್ಸ್ ಯಾಕೆ ತಂದ್ರಿ ಅಂತ ಬರೆದದ್ದು. ಅಂದ್ರೆ ಚಿತ್ರದಲ್ಲಿ ಇಲ್ಲದ್ದನ್ನ ಓದುಗರೇ ತಂದು ಇಟ್ಕೊಂಡು ಆಮೇಲೆ ಅದಕ್ಕೆ ಸಿಟ್ಟಾದ್ರು. ಈಗ ನಾನು ಕನ್ನಡದಲ್ಲಿ ಆ ಹುಡುಗನನ್ನ ‘ಸಲಿಂಗಕಾಮಿ ಪಾತ್ರ’ ಅಂತ ಬರೆದ್ರೆ ವಾದ ಮುಗೀತು, ಪತ್ರ ಬರೆದು ಬೈದವರ ಮಾತನ್ನ ನಾನೇ ಪದದೊಳಗೆ ಸೇರಿಸಿ ಕೊಟ್ಟ ಹಾಗೆ. ನಮ್ಮ ಓದುಗ ಅದನ್ನ ಓದಿ, ಹೌದಲ್ವಾ ಮಕ್ಕಳ ಪುಟದಲ್ಲಿ ಕಾಮ ಯಾಕೆ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇರೋದಿಲ್ಲ.

ಇಲ್ಲಿ ಸಂಸ್ಕೃತ ಬಲ್ಲವರು ಯಾರಾದ್ರೂ ಎದ್ದು, ಕಾಮ ಅಂದ್ರೆ ಬರೀ ಇಚ್ಛೆ, ನಿಷ್ಕಾಮ ಕರ್ಮ ಇಲ್ವಾ, ಶುಭಕಾಮನೆ ಇಲ್ವಾ ಅಂತೀರಿ, ಗೊತ್ತು. ಆ ಸ್ಟ್ರಿಪ್ಪಿನ ಹೆಸರೇ ಅಲ್ಲಿನ ಮದುವೆ ಪ್ರತಿಜ್ಞೆಯ ತುಂಡು, ಕಷ್ಟಕ್ಕೂ ಸುಖಕ್ಕೂ ಅನ್ನೋ ಅರ್ಥದ್ದು, ನಮ್ಮ ಕಡೆ ಆ ಜಾಗದಲ್ಲಿ ಪುರೋಹಿತರು ಧರ್ಮೇ ಚ ಅರ್ಥೇ ಚ ಕಾಮೇ ಚ ಅಂತ ಮೈಕಿನಲ್ಲೇ ಹೇಳಿಸ್ತಾರೆ, ಊಟದ ಹಾಲ್ ತನಕ ಕೇಳ್ಸುತ್ತೆ, ಯಾರೂ ಮುಖ ಮುಚ್ಕೊಳಲ್ಲ. ಒಪ್ಪಿದೆ. ಆದ್ರೆ ಕನ್ನಡದಲ್ಲಿ ‘-ಕಾಮಿ’ ಅಂತ ಕೊನೆಯಾಗೋ ಪದ ಜನ ದಿನಾ ನೋಡೋದು ಕ್ರೈಂ ಪುಟದಲ್ಲಿ, ‘ವಿಕೃತಕಾಮಿ ಬಂಧನ’ ಅಂತ. ಮತ್ತೆ ಒಂದು ಮಾತು, ಹೆಣ್ಣನ್ನ ಪ್ರೀತಿಸೋ ಗಂಡಿಗೆ ನಾವು ಯಾವತ್ತಾದ್ರೂ ಈ ಪ್ರತ್ಯಯ ಹಚ್ಚಿದೀವಾ? ‘ಇವ್ರು ನಮ್ಮ ಭಾವ, ಭಿನ್ನಲಿಂಗಕಾಮಿ, ಬ್ಯಾಂಕಲ್ಲಿ ಕೆಲ್ಸ’ ಅಂತ ಯಾರಾದ್ರೂ ಪರಿಚಯ ಮಾಡಿಕೊಟ್ಟದ್ದನ್ನ ಕೇಳಿದೀರಾ?

ಬದಲಿಗೆ ಏನಿದೆ ಅಂತ ನೋಡಿದ್ರೆ, ‘ಸಲಿಂಗಿ’ ಚಿಕ್ಕದು, ಚೊಕ್ಕದು, ಆದ್ರೆ ಜೀವಶಾಸ್ತ್ರದ ಪಿರಿಯಡ್ ನೆನಪಾಗುತ್ತೆ. ‘ಸಲಿಂಗಪ್ರೇಮಿ’ ಪರವಾಗಿಲ್ಲ, ಲೇಖನದ ನಿರೂಪಣೆಗೆ ಬಹುಶಃ ಅದನ್ನೇ ಇಟ್ಕೋತೀನಿ. ‘ಲೈಂಗಿಕ ಅಲ್ಪಸಂಖ್ಯಾತರು’ ಅನ್ನೋದು ನಮ್ಮ ಸಂಘಟನೆಗಳು ಬಳಸೋ ಮಾತು, ಹಕ್ಕು ಕೇಳೋವಾಗ ಅದಕ್ಕೆ ತೂಕ ಇದೆ, ಒಬ್ಬ ಹುಡುಗನ ಬಗ್ಗೆ ಹೇಳೋಕೆ ಬರೋದಿಲ್ಲ. ಕೆಲವ್ರು ಎಲ್ಲಕ್ಕೂ ‘ಮಂಗಳಮುಖಿ’ ಅಂತ ಸೇರಿಸಿಬಿಡ್ತಾರೆ, ಅದು ಬೇರೆಯವ್ರು, ಬೇರೆ ಬದುಕು, ದಯವಿಟ್ಟು ಅದನ್ನ ಸೂಚಿಸಬೇಡಿ. ಇನ್ನು ಉಳಿದದ್ದು ‘ಗೇ’. ಬೆಂಗಳೂರಲ್ಲಿ ಆ ಹುಡುಗರು ತಮ್ಮ ಬಗ್ಗೆ ಹೇಳ್ಕೊಳ್ಳೋವಾಗ ಬಳಸೋದು ಅದೇ, ನಾನೂ ಮೇಲೆ ಅದನ್ನೇ ಬಳಸಿದೀನಿ. ಕಷ್ಟ ವಿಭಕ್ತಿ ಹಚ್ಚೋವಾಗ. ‘ಗೇಗೆ’, ‘ಗೇಗಳು’, ‘ಗೇಯನ್ನು’. ಹೊಲ ಗೇಯೋದು ನೆನಪಾಗಲ್ವಾ? ‘ಗೇ ಹುಡುಗ’, ‘ಗೇ ಪಾತ್ರ’ ಅಂತ ಮುಂದೆ ಒಂದು ನಾಮಪದ ಇಟ್ಕೊಂಡ್ರೆ ವಿಭಕ್ತಿ ಅದಕ್ಕೆ ಹೋಗುತ್ತೆ, ಪಾರಾಗ್ತೀವಿ. ನಿಮ್ಮಲ್ಲಿ ಅನುವಾದ ಮಾಡೋರು ಏನ್ ಮಾಡ್ತೀರಿ?

ಅಂದ ಹಾಗೆ ಮೊದಲ ಗಲಾಟೆ ಲಾರೆನ್ಸ್‌ದಲ್ಲ. ಗ್ಯಾರಿ ಟ್ರುಡೋ ಅವರ ‘ಡೂನ್ಸ್‌ಬರಿ’ ಅನ್ನೋ ಅಮೆರಿಕದ ಸ್ಟ್ರಿಪ್‌ನಲ್ಲಿ 1976ರಲ್ಲೇ ಆ್ಯಂಡಿ ಲಿಪಿಂಕಾಟ್ ಅಂತ ಗೇ ಪಾತ್ರ ಬಂತು, ಜೋನಿ ಅನ್ನೋ ಕಾನೂನು ವಿದ್ಯಾರ್ಥಿನಿ ಅವನನ್ನ ಇಷ್ಟಪಡ್ತಾಳೆ, ಅವನು ತಾನು ಗೇ ಅಂತಾನೆ. ಮಯಾಮಿ ಹೆರಾಲ್ಡ್ ಪತ್ರಿಕೆ ಅದನ್ನ ಹಾಕಲೇ ಇಲ್ಲ. ಅದೇ ಆ್ಯಂಡಿಗೆ ಮುಂದೆ ಏಡ್ಸ್ ಬಂದು 1990ರಲ್ಲಿ ಸಾಯ್ತಾನೆ, ಏಡ್ಸ್‌ನಿಂದ ಸತ್ತವರ ಹೆಸರು ಹೊಲಿದ ದೊಡ್ಡ ಕೌದಿ ಇದೆಯಲ್ಲ ಅಮೆರಿಕದಲ್ಲಿ, ಅದರಲ್ಲಿ ಈ ಕಾಗದದ ಮನುಷ್ಯನ ಹೆಸರಿಗೂ ಒಂದು ತುಂಡು ಸೇರಿದೆ. ಅಲ್ಲಿ ‘ಕ್ವಿಲ್ಟ್’ಗೆ ನಾನು ಕೌದಿ ಅಂತಾನೇ ಬರೆದೆ, ಹಳೇ ಬಟ್ಟೆ ತುಂಡು ಸೇರಿಸಿ ಕೈಯಲ್ಲಿ ಹೊಲಿಯೋದಕ್ಕೆ ಅದಕ್ಕಿಂತ ಒಳ್ಳೇ ಪದ ಬೇಕಾ?

ಕೊನೇ ಪದ, ‘ಕಮಿಂಗ್ ಔಟ್’, ಅಂದ್ರೆ ತಾನು ಗೇ ಅಂತ ಬೇರೆಯವ್ರಿಗೆ ತಿಳಿಸೋದು. ಇದನ್ನ ‘ಹೊರಬರುವುದು’ ಅಂತ ಈಗ ಬರೀತಿದಾರೆ. ಲಾರೆನ್ಸ್ ಕತೇಲಿ ಇದು ನಗೆಪಾಟಲಾಗುತ್ತೆ, ಯಾಕಂದ್ರೆ ಅವನನ್ನ ಅಪ್ಪ ನಿಜವಾಗ್ಲೂ ಹೊರಗೆ ಹಾಕ್ತಾನೆ. ‘ಲಾರೆನ್ಸ್ ಹೊರಬಂದ, ಅದಕ್ಕೆ ಅಪ್ಪ ಹೊರಹಾಕಿದ’ ಅಂದ್ರೆ ಓದೋರು ಎರಡನೇ ಸಲ ಓದ್ತಾರೆ. ಇಲ್ಲಿ ಮಾತಿನ ಕನ್ನಡ ಆಗ್ಲೇ ದಾರಿ ಮಾಡ್ಕೊಂಡಿದೆ ಅನ್ಸುತ್ತೆ ನನಗೆ, ‘ಮನೇಲಿ ಹೇಳಿದ್ಯಾ?’, ‘ಅವ್ರ ಮನೇಲಿ ಗೊತ್ತಾ?’ ಅಂತ ಕೇಳ್ತೀವಿ, ಜಾತಿ ಬಿಟ್ಟು ಪ್ರೀತಿಸಿದ್ರೂ ಇದೇ ಪ್ರಶ್ನೆ. 1994ರಲ್ಲಿ ಜಾನ್‌ಸ್ಟನ್ ಹೆಸರು ಇದೇ ಕತೆಗಾಗಿ ಪುಲಿಟ್ಜರ್ ಪ್ರಶಸ್ತಿಯ ಕೊನೇ ಸುತ್ತಿಗೆ ಹೋಗಿತ್ತು, ಸಂಪಾದಕೀಯ ವ್ಯಂಗ್ಯಚಿತ್ರದ ವಿಭಾಗದಲ್ಲಿ, ಅಲ್ಲಿನ ಒಕ್ಕಣೇಲೂ ಹುಡುಗ ‘ತಿಳಿಸಿದ್ದು’, ಅದರಿಂದ ಮನೆಯವರ ಗೆಳೆಯರ ಮೇಲಾದ ಪರಿಣಾಮ ಅನ್ನೋ ರೀತಿಯಲ್ಲೇ ಇದೆ, ಹೊರಗೆ ಒಳಗೆ ಏನಿಲ್ಲ. ಹಾಗಾಗಿ ನಾನು ‘ಹೇಳಿಕೊಂಡ’ ಅಂತ ಇಡೋಣ ಅಂತಿದೀನಿ. ‘ಹೇಳಿದ’ ಬೇರೆ ‘ಹೇಳಿಕೊಂಡ’ ಬೇರೆ ಅನ್ನೋದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದೇ ಅನುಮಾನ, ‘ಹೇಳಿಕೊಂಡ’ದಲ್ಲಿ ಕಷ್ಟ ತೋಡಿಕೊಂಡ ಅನ್ನೋ ಛಾಯೆ ಜಾಸ್ತಿ ಇದೆಯಾ? ಸಂತೋಷದಿಂದ ಹೇಳೋರೂ ಇರ್ತಾರಲ್ಲ, ಅವರಿಗೂ ಇದು ನಡೆಯುತ್ತಾ?

ಕಾಮಿಕ್ ಸ್ಟ್ರಿಪ್ ಅನ್ನೋದಕ್ಕೆ ಪದ ಕೇಳ್ತಿಲ್ಲ, ಅದು ಹಾಗೇ ಇರ್ಲಿ. ನಮ್ಮಲ್ಲಿ ಚಿನಕುರಳಿ ಥರ ಒಂದೇ ಚೌಕದ ವ್ಯಂಗ್ಯಚಿತ್ರದ್ದೇ ಜೋರು, ಇದು ಅದಲ್ಲ, ‘ಚಿತ್ರಪಟ್ಟಿ’ ಅಂದ್ರೆ ಗೋಡೆಗೆ ತೂಗುಹಾಕೋದು ಅನ್ಕೋತಾರೆ. ದಿನಾ ನಾಲ್ಕು ಚೌಕದಲ್ಲಿ ಮುಂದುವರಿಯೋದು ಅಂತ ಒಂದು ಸಾಲು ವಿವರಣೆ ಕೊಟ್ಟಿದೀನಿ, ಸಾಕು.

ಶೀರ್ಷಿಕೆಗೆ ಮಾತ್ರ ಬೇಗ ಬೇಕು, ಈ ವಾರದ ಕೊನೆಗೆ ಕಳಿಸ್ಬೇಕಾಗಿದೆ. ‘ತಿರುಗಿಬಿದ್ದ ಓದುಗರು’ ಅಂತ ಸದ್ಯಕ್ಕೆ ಇಟ್ಟಿದೀನಿ, ಎಲ್ಲ ಓದುಗರೂ ಅಲ್ಲ ಅನ್ನೋದು ಇದ್ರಲ್ಲಿ ಉಳ್ಕೊಳ್ಳುತ್ತೆ, ತಿರುಗಿಬಿದ್ದವರು ಮಾತ್ರ ಅಂತ ಅರ್ಥ ಬರುತ್ತೆ ಅಂತ ನನ್ನ ಲೆಕ್ಕ. ನಿಮಗೂ ಹಾಗೇ ಕೇಳ್ಸುತ್ತಾ, ಇಲ್ಲಾ ಇದೂ ಎಲ್ರೂ ಅಂತಾನೇ ಕೇಳ್ಸುತ್ತಾ ಹೇಳಿ.